ಶಿಷ್ಯಪೀಡನೆ ಮತ್ತು ಸಹಾಧ್ಯಾಪಕನ ನೋಟ: ಸಾಹಿತ್ಯದ ಕೆಲವು ಪ್ರಸಂಗಗಳ ವಿವೇಚನೆ

ಅಧ್ಯಾಪಕ ಸಂಘಗಳು ಹೊರತರುವ ಸ್ಮರಣಸಂಚಿಕೆಗಳಲ್ಲಿಯೂ, ನಿವೃತ್ತರಿಗೆ ಅರ್ಪಿಸುವ ಅಭಿನಂದನ ಗ್ರಂಥಗಳಲ್ಲಿಯೂ ತಪ್ಪದೆ ಕಾಣಸಿಗುವ ಒಂದು ಬಗೆಯ ಬರಹವುಂಟು. ಹಳೆಯ ವಿದ್ಯಾರ್ಥಿಯೊಬ್ಬನು, ಈಗ ವಕೀಲನೋ ಬ್ಯಾಂಕಿನ ಅಧಿಕಾರಿಯೋ ಆಗಿರುವವನು, ತನ್ನ ಮಾಸ್ತರರ ಬೆತ್ತವನ್ನು ನೆನೆದು ಕಣ್ತುಂಬಿಕೊಳ್ಳುತ್ತಾನೆ. ಆ ಏಟು ಬೀಳದಿದ್ದರೆ ತಾನು ಇಂದಿಗೂ ದನ ಕಾಯುತ್ತಿದ್ದೆನೆಂದು ಹೇಳಿಕೊಳ್ಳುತ್ತಾನೆ. ಇಂಥ ಬರಹಗಳನ್ನು ನಾವು ಮೂವತ್ತು ವರ್ಷಗಳಿಂದ ಓದುತ್ತ ಬಂದಿದ್ದೇವೆ. ಬರೆದವರ ಪ್ರಾಮಾಣಿಕತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಈ ಪ್ರಕಾರದಲ್ಲಿ ದೊಡ್ಡದೊಂದು ದೋಷವಿದೆ. ಅದೇ ಬೆತ್ತಕ್ಕೆ ಹೆದರಿ ಐದನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟವನು ಅಭಿನಂದನ ಗ್ರಂಥಕ್ಕೆ ಲೇಖನ ಬರೆಯುವುದಿಲ್ಲ. ಅವನಿಗೆ ಪತ್ರ ಹಾಕಿ ಲೇಖನ ಕೇಳುವವರೂ ಇಲ್ಲ. ಗೆದ್ದವರ ಸಾಕ್ಷಿಯೊಂದನ್ನೇ ಕೇಳಿ ನ್ಯಾಯ ಹೇಳಿದಂತೆ ಇದು.

ಈ ಬರಹಗಳಲ್ಲಿ ಇನ್ನೂ ಒಂದು ಕೊರತೆ ಇದೆ. ಪ್ರಕೃತ ಲೇಖನಕ್ಕೆ ಅದೇ ಮುಖ್ಯ. ಅವುಗಳಲ್ಲಿ ಬರುವವರು ಇಬ್ಬರೇ: ಹೊಡೆದ ಗುರು, ಹೊಡೆತ ತಿಂದ ಶಿಷ್ಯ. ಆದರೆ ಶಾಲೆಯೆಂಬುದು ಇಬ್ಬರ ಮನೆಯಲ್ಲ. ಪಕ್ಕದ ಕೋಣೆಯಲ್ಲಿ ಅದೇ ಹೊತ್ತಿಗೆ ಭೂಗೋಳವನ್ನೋ ಗಣಿತವನ್ನೋ ಕಲಿಸುತ್ತಿದ್ದ ಇನ್ನೊಬ್ಬ ಅಧ್ಯಾಪಕನಿದ್ದನು. ಗೋಡೆಯ ಆಚೆಯಿಂದ ಬಂದ ಮಾತನ್ನು ಅವನು ಕೇಳಿದನು, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆ ಮಾತಾಡಿದವನೊಡನೆಯೇ ಕುಳಿತು ಊಟದ ಡಬ್ಬಿ ಬಿಚ್ಚಿದನು. ಅವನು ಕಂಡುದೇನು? ಕಂಡುದಕ್ಕೆ ಏನು ಹೆಸರಿಟ್ಟನು? ಶಿಷ್ಯಪೀಡನೆ ಬಾಳುವುದು ಪೀಡಿಸುವವನ ಬಲದಿಂದಲ್ಲ, ಈ ಮೂರನೆಯವನು ಅದಕ್ಕೆ ಇಡುವ ಹೆಸರಿನ ಬಲದಿಂದ ಎಂಬುದು ನಮ್ಮ ಅಭಿಪ್ರಾಯ. ಸಾಹಿತ್ಯದ ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಿಸಬೇಕೆಂದಿದ್ದೇವೆ.

ಮೊದಲು ಪೀಡನೆಯೆಂದರೇನು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಲೇಸು. ತಪ್ಪು ಮಾಡಿದ ಹುಡುಗನನ್ನು ಗದರಿಸಿದ ಪ್ರತಿಯೊಬ್ಬನನ್ನೂ ಪೀಡಕನೆನ್ನುವುದು ಅನ್ಯಾಯ. ಅಮೆರಿಕದ ಮನೋವೈದ್ಯ ಸ್ಟುವರ್ಟ್ ಟ್ವೆಮ್ಲೋ ಮತ್ತು ಅವರ ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೊಟ್ಟ ಲಕ್ಷಣವು ನಮಗೆ ಒಪ್ಪುವಂಥದು: ನ್ಯಾಯವಾದ ಶಿಸ್ತುಕ್ರಮದ ಮೇರೆಯನ್ನು ಮೀರಿ, ತನ್ನ ಅಧಿಕಾರವನ್ನು ಶಿಷ್ಯನನ್ನು ದಂಡಿಸುವುದಕ್ಕೋ ಆಡಿಸುವುದಕ್ಕೋ ಹೀಯಾಳಿಸುವುದಕ್ಕೋ ಬಳಸುವವನೇ ಪೀಡಕ ಅಧ್ಯಾಪಕನು. ಏಳು ಪ್ರಾಥಮಿಕ ಶಾಲೆಗಳ 116 ಮಂದಿ ಅಧ್ಯಾಪಕರು ಹೆಸರು ಹೇಳದೆ ತುಂಬಿಕೊಟ್ಟ ಪ್ರಶ್ನಾವಳಿಯ ಮೇಲೆ ನಿಂತ ಅಧ್ಯಯನವದು. ತಮ್ಮ ವಿಷಯವನ್ನು ಮಾತ್ರವಲ್ಲ, ತಾವು ಕಂಡ ಸಹೋದ್ಯೋಗಿಗಳ ವಿಷಯವನ್ನೂ ಅವರು ಹೇಳಿದ್ದರು. ಅವರ ಉತ್ತರಗಳಲ್ಲಿ ಎರಡು ಬಗೆಯ ಪೀಡಕರು ಕಂಡುಬಂದರು. ನೋಯಿಸುವುದರಲ್ಲಿಯೇ ಸುಖ ಕಾಣುವವನು ಒಬ್ಬ. ತಾನೇ ಪೀಡನೆಗೆ ಗುರಿಯಾಗುತ್ತ, ತರಗತಿಯನ್ನು ಹಿಡಿತದಲ್ಲಿಡಲಾರದೆ, ತನ್ನ ಕಷ್ಟವನ್ನು ಇತರರ ಮೇಲೆ ಹೊರಿಸುವವನು ಇನ್ನೊಬ್ಬ. ಚಿಕ್ಕಂದಿನಲ್ಲಿ ಪೀಡನೆ ಉಂಡವರೇ ಮುಂದೆ ಪೀಡಿಸುವುದು ಹೆಚ್ಚೆಂದೂ ಕಂಡಿತು. ಈ ಎರಡನೆಯ ಬಗೆಯವನನ್ನು ನಾವೆಲ್ಲ ಬಲ್ಲೆವು. ಅವನ ಮೇಲೆ ಕನಿಕರವೂ ಉಂಟು. ಪ್ರಕೃತ ನಮ್ಮ ಮಾತು ಹೆಚ್ಚಾಗಿ ಮೊದಲನೆಯವನನ್ನು ಕುರಿತದ್ದು, ಏಕೆಂದರೆ ಹೊಗಳಿಕೆ ಸಲ್ಲುವುದು ಅವನಿಗೆ.

ನಮ್ಮ ಪುರಾಣಗಳೇನೂ ಈ ವಿಷಯದಲ್ಲಿ ಕುರುಡಲ್ಲ. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನಿಗೆ ವಿದ್ಯೆ ಕಲಿಸಲು ನೇಮಕವಾದವರು ಶುಕ್ರಾಚಾರ್ಯರ ಮಕ್ಕಳಾದ ಚಂಡ ಮತ್ತು ಅಮರ್ಕರು. ಹುಡುಗನು ಪಾಠದ ಹೊರಗಿನ ಮಾತಾಡಿದಾಗ ಗುರುವಿಗೆ ಮೊದಲು ಹೊಳೆದುದು, ಇವನು ನಮಗೆ ಅಪಕೀರ್ತಿ ತರುತ್ತಾನೆಂಬುದು. ಬೆತ್ತ ತರಿಸುವ ಮಾತು ಬಂದುದು ಆ ಅಪಕೀರ್ತಿಯ ಭಯದಿಂದ. ಮುಂದೆ ದೊರೆಯು ಕೆರಳಿ ಕೇಳಿದಾಗ, ಇದನ್ನು ನಾವೂ ಕಲಿಸಲಿಲ್ಲ, ಬೇರೆಯವರೂ ಕಲಿಸಲಿಲ್ಲ, ಹುಡುಗನ ಹುಟ್ಟುಗುಣವಿದು, ನಮ್ಮ ಮೇಲೆ ದೋಷ ಹೊರಿಸಬೇಡಿರೆಂದು ಕೈತೊಳೆದುಕೊಂಡುದೂ ಅವರೇ. ಹುಡುಗನು ಕಲಿತರೆ ಗುರುವಿನ ಪ್ರಭಾವ, ಕಲಿಯದಿದ್ದರೆ ಹುಡುಗನ ಹುಟ್ಟುಗುಣ! ನಮ್ಮ ಕಡೆಯ ಯಕ್ಷಗಾನದ ಆಟಗಳಲ್ಲಿ ಈ ಗುರುಮಠದ ದೃಶ್ಯವು ಸಾಮಾನ್ಯವಾಗಿ ನಗೆಯ ಪಾಲಾಗುತ್ತದೆ. ಜನ ನಗುತ್ತಾರೆ, ಮುಂದಿನ ಸಾಲಿನಲ್ಲಿ ಕುಳಿತ ಮಾಸ್ತರರೂ ನಗುತ್ತಾರೆ.

ಹೊಸ ಸಾಹಿತ್ಯದಲ್ಲಿ ಈ ವಸ್ತುವನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಹಿಡಿದವರು ರವೀಂದ್ರನಾಥ ಠಾಕೂರರೆಂದು ನಾವು ತಿಳಿದಿದ್ದೇವೆ. ಅವರ ‘ಗಿನ್ನಿ’ ಎಂಬ ಸಣ್ಣಕತೆ 1891ರದು. ಅವರ ಮೊದಮೊದಲ ಕತೆಗಳಲ್ಲಿ ಒಂದು. ಗಿನ್ನಿಯೆಂದರೆ ಬಂಗಾಳಿಯಲ್ಲಿ ಮನೆಯ ಯಜಮಾನಿ. ಶಿವನಾಥ ಪಂಡಿತನೆಂಬ ಅಧ್ಯಾಪಕನಿಗೆ ಕೈಯೂ ಉಂಟು, ನಾಲಗೆಯೂ ಉಂಟು. ಆದರೆ ಅವನ ನಿಜವಾದ ಆಯುಧವು ಅಡ್ಡಹೆಸರು. ಆಶು ಎಂಬ ಸಂಕೋಚದ ಹುಡುಗನು ರಜೆಯ ದಿನ ಮನೆಯ ಜಗಲಿಯಲ್ಲಿ ತಂಗಿಯೊಡನೆ ಗೊಂಬೆಯ ಮದುವೆ ಆಡುತ್ತಿರುವಾಗ, ಮಳೆಗೆ ಅಲ್ಲಿ ಬಂದು ನಿಂತ ಪಂಡಿತನು ಅದನ್ನು ನೋಡಿಬಿಡುತ್ತಾನೆ. ತಂಗಿ ಏನೂ ತಿಳಿಯದೆ ಅವನನ್ನೇ ಮದುವೆಯ ಪುರೋಹಿತನಾಗಲು ಕರೆಯುತ್ತಾಳೆ! ಮರುದಿನ ತರಗತಿಯಲ್ಲಿ ಪಂಡಿತನು ಇಡೀ ಪ್ರಸಂಗವನ್ನು ಪೀಠಿಕೆಯೊಡನೆ ವರ್ಣಿಸಿ ಹುಡುಗನಿಗೆ ಗಿನ್ನಿಯೆಂದು ಹೆಸರಿಡುತ್ತಾನೆ. ಬಿಡುವಿನ ವೇಳೆಗೆ ಇಡೀ ಶಾಲೆ ಆ ಹೆಸರನ್ನು ಕೂಗುತ್ತದೆ. ತಂಗಿಯೊಡನೆ ಆಡಿದುದೇ ತನ್ನ ಬಾಳಿನ ದೊಡ್ಡ ಅಪರಾಧವೆಂದು ಆ ಹುಡುಗನಿಗೆ ತೋರುತ್ತದೆ.

ಈ ಕತೆಯಲ್ಲಿ ರಕ್ತವಿಲ್ಲ, ಬಾಸುಂಡೆಯಿಲ್ಲ. ಯಾವ ಇನ್‌ಸ್ಪೆಕ್ಟರನು ಬಂದು ಪರೀಕ್ಷಿಸಿದರೂ ಕಣ್ಣಿಗೆ ಬೀಳುವ ಗುರುತೊಂದೂ ಸಿಗದು. ಮಗುವಿನ ಒಳ್ಳೆಯತನವನ್ನೇ, ತಂಗಿಯ ಮೇಲಿನ ಅಕ್ಕರೆಯನ್ನೇ, ಅದರ ನಾಚಿಕೆಯನ್ನಾಗಿ ಮಾಡಿದುದು ಪಂಡಿತನ ಕೌಶಲ. ಕತೆಯ ಮುಂಭಾಗಕ್ಕೆ ಇನ್ನೊಬ್ಬ ಅಧ್ಯಾಪಕನು ಬರುವುದೇ ಇಲ್ಲವೆಂಬುದು ನಮ್ಮ ವಿಚಾರಕ್ಕೆ ಗಮನಾರ್ಹವಾದ ಸಂಗತಿ. ಕತೆಗಾರರು ಮರೆತರೆನ್ನಲಾಗದು, ಹುಡುಗರ ಕಣ್ಣಿಗೆ ಅಂಥ ಹೊತ್ತಿನಲ್ಲಿ ಇನ್ನೊಬ್ಬ ಅಧ್ಯಾಪಕನು ಕಾಣುವುದೇ ಇಲ್ಲ. ಕರೆದರೆ ಬರುವವನಲ್ಲವೆಂದು ಅವರಿಗೆ ಗೊತ್ತು.

ಸಹಾಧ್ಯಾಪಕರು ಕಾಣಬರುವುದು ಅದೇ ಲೇಖಕರ ಆತ್ಮಕಥನದಲ್ಲಿ. 1912ರಲ್ಲಿ ಪುಸ್ತಕವಾದ ‘ಜೀವನಸ್ಮೃತಿ’ಯಲ್ಲಿ ಅವರು ತಾವು ಓದಿದ ನಾರ್ಮಲ್ ಸ್ಕೂಲಿನ ಒಬ್ಬ ಅಧ್ಯಾಪಕನನ್ನು ನೆನೆಯುತ್ತಾರೆ. ಅವನ ಮಾತು ಎಷ್ಟು ಹೊಲಸಾಗಿತ್ತೆಂದರೆ, ಅಸಹ್ಯದಿಂದ ಬಾಲಕ ರವೀಂದ್ರನು ಅವನ ಯಾವ ಪ್ರಶ್ನೆಗೂ ಉತ್ತರ ಕೊಡದೆ ವರ್ಷವಿಡೀ ತರಗತಿಯ ಕೊನೆಯಲ್ಲಿ ಮೌನವಾಗಿ ಕುಳಿತನು. ವರ್ಷದ ಕೊನೆಯಲ್ಲಿ ಬಂಗಾಳಿಯ ಪರೀಕ್ಷೆಯನ್ನು ಮಧುಸೂದನ ವಾಚಸ್ಪತಿ ಎಂಬ ಪಂಡಿತರು ನಡೆಸಿದರು. ಎಲ್ಲರಿಗಿಂತ ಹೆಚ್ಚು ಅಂಕ ಬಂದುದು ಈ ಮೂಕ ಹುಡುಗನಿಗೆ. ಅಧ್ಯಾಪಕನು ಮೇಲಿನವರಿಗೆ ದೂರು ಕೊಟ್ಟನು, ಪಕ್ಷಪಾತ ನಡೆದಿದೆಯೆಂದು. ಅವರು ಮಾಡಿದುದೇನು? ಸೂಪರಿಂಟೆಂಡೆಂಟರು ಪರೀಕ್ಷಕರ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತು ಹುಡುಗನನ್ನು ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿದರು. ಮತ್ತೆ ಮೊದಲ ಸ್ಥಾನ ಅವನಿಗೇ.

ಓದುಗರು ಸಾಮಾನ್ಯವಾಗಿ ಇಲ್ಲಿ ಹುಡುಗನ ಪ್ರತಿಭೆಯನ್ನು ಕಂಡು ಸಂತೋಷಪಡುತ್ತಾರೆ. ನಮಗೆ ಬೇರೆಯದೇ ಕಾಣುತ್ತದೆ. ಪರೀಕ್ಷೆಗೆ ಒಳಗಾದವನು ಎರಡು ಸಲವೂ ಹುಡುಗನೇ. ಇಷ್ಟು ಬಲ್ಲ ಹುಡುಗನು ನಿಮ್ಮ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದೆ ಕುಳಿತುದೇಕೆ ಎಂದು ಆ ಅಧ್ಯಾಪಕನನ್ನು ಯಾರಾದರೂ ಕೇಳಿದರೆಂದು ಬಾಲಕನ ನೆನಪಿನಲ್ಲಿ ಇಲ್ಲ. ವಾಚಸ್ಪತಿಗಳು ಒಳ್ಳೆಯವರು, ಸೂಪರಿಂಟೆಂಡೆಂಟರೂ ನ್ಯಾಯವಂತರು. ಎರಡನೆಯ ಸಲ ಬಂದ ಅಂಕವನ್ನು ಅವರು ಮುಚ್ಚಿಡಲಿಲ್ಲ. ಆದರೆ ಅಧ್ಯಾಪಕನ ಮಾತು ಸಾಕ್ಷಿ, ಹುಡುಗನ ಮೌನವು ಅಪರಾಧ, ಎಂಬಲ್ಲಿಂದಲೇ ಅವರ ನ್ಯಾಯವು ಹೊರಟಿತು. ನಮ್ಮ ಶಾಲೆಗಳ ವಿಚಾರಣೆಗಳಲ್ಲಿ ಹೆಚ್ಚಿನವು ಇಂದಿಗೂ ಇದೇ ಕ್ರಮದಲ್ಲಿ ನಡೆಯುತ್ತವೆ.

ಇಂಗ್ಲಿಷಿನವರ ಕಡೆಗೆ ತಿರುಗಿದರೆ ಡಿಕನ್ಸನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1838–39ರಲ್ಲಿ ಕಂತುಕಂತಾಗಿ ಬಂದ ‘ನಿಕೊಲಸ್ ನಿಕಲ್‌ಬಿ’ ಕಾದಂಬರಿಯ ಸ್ಕ್ವಿಯರ್ಸನೆಂಬ ಶಾಲೆಯ ಯಜಮಾನನು ಲೋಕಪ್ರಸಿದ್ಧನು. ಯಾರ್ಕ್‌ಷೈರಿನ ಅಗ್ಗದ ವಸತಿಶಾಲೆಗಳನ್ನು ಡಿಕನ್ಸನು ಕಣ್ಣಾರೆ ಕಂಡುಬಂದು ಬರೆದ ಭಾಗವದು. ಪುಸ್ತಕದ ಮುನ್ನುಡಿಯಲ್ಲಿ ಅವನು ಹೇಳುವ ಒಂದು ಸಂಗತಿ ವಿನೋದವಾಗಿದೆ: ಸ್ಕ್ವಿಯರ್ಸನೆಂದರೆ ತಾನೇ ಎಂದು ಒಬ್ಬರಲ್ಲ, ಹಲವು ಮಂದಿ ಶಾಲಾ ಯಜಮಾನರು ಕೋಪಿಸಿಕೊಂಡರಂತೆ. ಇರಲಿ. ನಾಯಕನಾದ ನಿಕೊಲಸನು ಅಲ್ಲಿ ವರ್ಷಕ್ಕೆ ಐದು ಪೌಂಡು ಸಂಬಳದ ಸಹಾಧ್ಯಾಪಕನು. ಸ್ಮೈಕ್ ಎಂಬ ಅನಾಥನನ್ನು ಯಜಮಾನನು ಎಲ್ಲರೆದುರು ಬಡಿಯತೊಡಗಿದಾಗ ಅವನು ಅಡ್ಡಬಂದು, ಅದೇ ಬೆತ್ತದಿಂದ ಯಜಮಾನನನ್ನೇ ಬಡಿದು ಹೊರಟುಹೋಗುತ್ತಾನೆ. ಓದುಗನಿಗೆ ಇದರಿಂದ ತೃಪ್ತಿಯಾಗುತ್ತದೆ, ನಿಜ. ಆದರೆ ಕಲೆಯ ದೃಷ್ಟಿಯಿಂದ ಇದು ಸುಲಭದ ದಾರಿ. ನಿಕೊಲಸನಿಗೆ ನಾಯಕನ ಭಾಗ್ಯವುಂಟು. ಮುಂದಿನ ಅಧ್ಯಾಯಗಳಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕುತ್ತದೆ. ಐದು ಪೌಂಡನ್ನು ನಂಬಿ ಸಂಸಾರ ಕಟ್ಟಿದವನು ಏನು ಮಾಡಬೇಕು?

ಆ ಪ್ರಶ್ನೆಗೆ ಡಿಕನ್ಸನು ಮುಖ ಕೊಟ್ಟುದು ಹತ್ತು ವರ್ಷಗಳ ಬಳಿಕ, 1849–50ರ ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ. ಅಲ್ಲಿಯ ಸೇಲಂ ಹೌಸಿನ ಯಜಮಾನ ಕ್ರೀಕಲನು ಪೀಡಕನು; ಅವನ ಕೈಕೆಳಗಿನ ಬಡ ಸಹಾಧ್ಯಾಪಕ ಮೆಲ್. ಮಲತಂದೆಯ ಕೈ ಕಚ್ಚಿದ ಕಾರಣಕ್ಕೆ ಆ ಶಾಲೆಗೆ ಬಂದ ಪುಟ್ಟ ಡೇವಿಡನ ಬೆನ್ನಿಗೆ, ಇವನು ಕಚ್ಚುತ್ತಾನೆ ಎಂಬ ಅರ್ಥದ ಹಲಗೆಯನ್ನು ಕಟ್ಟಬೇಕೆಂದು ಅಪ್ಪಣೆಯಾಗಿರುತ್ತದೆ. ಅದನ್ನು ಕಟ್ಟುವವನು ಕ್ರೀಕಲನಲ್ಲ, ಮೆಲ್. ಕಟ್ಟುವುದಕ್ಕೆ ತನಗೆ ವ್ಯಸನವೆಂದು ಹೇಳಿಯೇ ಕಟ್ಟುತ್ತಾನೆ. ಮೆಲ್ ಒಳ್ಳೆಯವನು, ಹುಡುಗನನ್ನು ಒಂದು ದಿನವೂ ಹೊಡೆದವನಲ್ಲ, ಸಂಜೆ ಒಬ್ಬನೇ ಕುಳಿತು ಕೊಳಲೂದುವವನು. ಪೀಡಕನ ಕ್ರೌರ್ಯವು ಮಗುವಿನ ಮೈಗೆ ಬಂದು ತಗಲುವುದು ಎಷ್ಟೋ ಸಲ ಇಂಥ ಮೆತ್ತನೆಯ ಕೈಗಳ ಮೂಲಕ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ದೃಶ್ಯವು ನಮ್ಮ ಓದಿನಲ್ಲಿ ಬಂದಿಲ್ಲ. ಮುಂದೆ ಮೆಲ್ ಕೂಡ ಉಳಿಯುವುದಿಲ್ಲ. ಅವನ ತಾಯಿ ಅನಾಥಾಲಯದಲ್ಲಿ ಧರ್ಮದ ಅನ್ನ ಉಣ್ಣುತ್ತಾಳೆಂದು ಸಿರಿವಂತ ವಿದ್ಯಾರ್ಥಿಯೊಬ್ಬನು ಹಂಗಿಸಿದಾಗ, ಕೆಲಸ ಕಳೆದುಕೊಂಡು ಹೋಗುವವನು ಮೆಲ್, ಹಂಗಿಸಿದವನಲ್ಲ. ಹುಡುಗರೆಲ್ಲ ಜಯಕಾರ ಮಾಡುತ್ತಾರೆ. ಅತ್ತವನು ಟ್ರ್ಯಾಡಲ್ಸ್ ಒಬ್ಬನೇ, ಅತ್ತುದಕ್ಕೆ ಅವನಿಗೂ ಬೆತ್ತ.

ನಮ್ಮ ನಾಡಿನ ದಲಿತ ಆತ್ಮಕಥನಗಳಿಗೆ ಬಂದರೆ ಈ ವಿಷಯವು ಇನ್ನೊಂದು ಆಳಕ್ಕೆ ಇಳಿಯುತ್ತದೆ. ಓಂಪ್ರಕಾಶ ವಾಲ್ಮೀಕಿಯವರ ಹಿಂದಿ ಕೃತಿ ‘ಜೂಠನ್’ 1997ರಲ್ಲಿ ಪ್ರಕಟವಾಯಿತು. ಉತ್ತರ ಪ್ರದೇಶದ ಬರ್ಲಾ ಎಂಬ ಹಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ತರನು ಜಾತಿಯನ್ನು ಕೇಳಿ ತಿಳಿದು, ಹುಡುಗನ ಕೈಗೆ ಕಸಬರಿಕೆ ಕೊಟ್ಟು ಶಾಲೆಯನ್ನೂ ವಿಶಾಲವಾದ ಬಯಲನ್ನೂ ಗುಡಿಸಲು ಹಚ್ಚುತ್ತಾನೆ. ಉಳಿದ ಮಕ್ಕಳು ಒಳಗೆ ಕುಳಿತು ಓದುತ್ತಿದ್ದರು, ತಾನು ಹೊರಗೆ ಗುಡಿಸುತ್ತಿದ್ದೆನೆಂದು ಲೇಖಕರು ಹೇಳುತ್ತಾರೆ. ಆ ಒಳಗೆ ಪಾಠ ಹೇಳುತ್ತಿದ್ದವರು ಯಾರು? ಕಿಟಕಿಗಳಿಗೆ ಬಾಗಿಲು ಇರಲಿಲ್ಲವೆ? ಮೂರನೆಯ ದಿನ ತಂದೆಯು ಆ ದಾರಿಯಾಗಿ ಬಂದು, ಮಗನ ಕೈಯಿಂದ ಕಸಬರಿಕೆಯನ್ನು ಕಸಿದು ಎಸೆದು, ಗಟ್ಟಿಯಾಗಿ ಕೂಗಿದಾಗ ಅಧ್ಯಾಪಕರೆಲ್ಲ ಹೊರಗೆ ಬಂದರು. ಮೂರು ದಿನ ಕಾಣದಿದ್ದುದು ಒಂದು ಕೂಗಿಗೆ ಕಂಡಿತು. ಕಂಡುದು ಮಗುವಿನ ಕಷ್ಟವಲ್ಲ, ಶಾಲೆಯ ಮಾನಕ್ಕೆ ಬಂದ ಕುಂದು.

ಈ ಮೂರು ಕೃತಿಗಳನ್ನು ಹೀಗೆ ಸಾಲಾಗಿಡುವುದಕ್ಕೆ ಕಾರಣವಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಾನಸಿಕ ಹಿಂಸೆಯೆಂದರೇನೆಂದು ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವು ತನ್ನ ಮಾರ್ಗಸೂಚಿಯಲ್ಲಿ ಬಿಡಿಸಿ ಹೇಳಿದೆ: ಅಡ್ಡಹೆಸರಿನಿಂದ ಕರೆಯುವುದು, ಹೀಯಾಳಿಸುವ ಬರಹವನ್ನು ಮಗುವಿನ ಮೈಗೆ ಅಂಟಿಸುವುದು, ತಂದೆತಾಯಿಯ ಕಸುಬನ್ನೋ ಜಾತಿಯನ್ನೋ ಎತ್ತಿ ಆಡುವುದು. ಮೊದಲನೆಯದು ಆಶುವಿಗೆ ಆದುದು, ಎರಡನೆಯದು ಡೇವಿಡನಿಗೆ ಆದುದು, ಮೂರನೆಯದು ಬರ್ಲಾದ ಬಾಲಕನಿಗೆ ಆದುದು. ಕಾನೂನು ಬರೆದವರು ಈ ಪುಸ್ತಕಗಳನ್ನು ಓದಿದ್ದರೋ ಇಲ್ಲವೋ ಅದು ಬೇರೆ ಮಾತು. ಸಾಹಿತ್ಯವು ಎಷ್ಟೋ ಮೊದಲೇ ಗುರುತಿಸಿದ ನೋವನ್ನು ಕಾನೂನು ಈಗ ಗುರುತಿಸಿದೆ. ಅದೇ ಆಯೋಗವು 2009–10ನೆಯ ಶಾಲಾವರ್ಷದಲ್ಲಿ ಏಳು ರಾಜ್ಯಗಳ 6,632 ಮಕ್ಕಳನ್ನು ಕೇಳಿದಾಗ, ಯಾವ ಬಗೆಯ ಶಿಕ್ಷೆಯೂ ತಮಗೆ ಆಗಿಲ್ಲವೆಂದವರು ಬರಿಯ 9 ಮಂದಿ. ನಿನಗೆ ವಿದ್ಯೆ ಹತ್ತುವುದಿಲ್ಲವೆಂಬ ಮಾತನ್ನು ಕೇಳಿಸಿಕೊಂಡವರು ನೂರಕ್ಕೆ 81ಕ್ಕೂ ಮೇಲೆ. ಬೆತ್ತವನ್ನು ಕೋಣೆಯ ಮೂಲೆಯಿಂದ ತೆಗೆದುಹಾಕಿದ ಶಾಲೆಗಳಲ್ಲಿಯೂ ಈ ಮಾತು ಹೋಗಿಲ್ಲವೆಂದು ಬಲ್ಲವರು ಬಲ್ಲರು.

ಗಡಿಯ ಶಾಲೆಗಳಿಗೆ ಸಂಬಂಧಿಸಿದ ರಾಜ್ಯಗಳಲ್ಲಿ ಗೋವೆಯು 2003ರ ಮಕ್ಕಳ ಕಾಯಿದೆಯಿಂದ, ತಮಿಳುನಾಡು ಅದೇ ವರ್ಷ ತನ್ನ ಶಿಕ್ಷಣ ನಿಯಮಗಳ ತಿದ್ದುಪಡಿಯಿಂದ ಶಿಕ್ಷೆಯನ್ನು ಮೊದಲೇ ತಡೆದಿದ್ದವು. ಕೇಂದ್ರದ ಕಾಯಿದೆಯ ರಕ್ಷಣೆಯಾದರೋ ಆರರಿಂದ ಹದಿನಾಲ್ಕು ವರ್ಷದವರಿಗೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದ ನಮಗೆ, ಹದಿನಾಲ್ಕು ತುಂಬಿದ ದಿನ ಹುಡುಗನ ಚರ್ಮವು ದಪ್ಪಗಾಗುವುದನ್ನು ಕಾಣುವ ಅವಕಾಶ ಇನ್ನೂ ದೊರೆತಿಲ್ಲ. ಇನ್ನೊಂದು ಮಾತು. 2012ರ ಪೋಕ್ಸೋ ಕಾಯಿದೆಯ ಕೆಳಗೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದೂ ತಿಳಿಸದವನು ತಾನೇ ಶಿಕ್ಷಾರ್ಹನಾಗುತ್ತಾನೆ. ನಾಲಗೆಯ ಹಿಂಸೆಯ ವಿಷಯದಲ್ಲಿ 17ನೆಯ ಕಲಮು ಹಿಂಸಿಸಿದವನನ್ನಷ್ಟೇ ಹೆಸರಿಸುತ್ತದೆ. ಗೋಡೆಯಾಚೆ ಕೇಳಿ ಸುಮ್ಮನಿದ್ದ ಸಹಾಧ್ಯಾಪಕನ ಪ್ರಸ್ತಾಪ ಅದರಲ್ಲಿಲ್ಲ. ಮೂರನೆಯವನು ಅಲ್ಲಿಯೂ ತಪ್ಪಿಸಿಕೊಂಡನು.

ಈಗ ಸ್ಟಾಫ್ ರೂಮಿನ ಸಾಹಿತ್ಯಕ್ಕೆ ಬರೋಣ. ಅದೂ ಒಂದು ಸಾಹಿತ್ಯವೇ, ಅದಕ್ಕೂ ಸಿದ್ಧವಾಕ್ಯಗಳುಂಟು. ‘ಸ್ವಲ್ಪ ಸ್ಟ್ರಿಕ್ಟು, ಅಷ್ಟೆ’ ಎಂಬುದು ಮೊದಲನೆಯದು. ಈ ವಾಕ್ಯದ ಜೀವಾಳವು ‘ಅಷ್ಟೆ’ ಎಂಬ ಪದದಲ್ಲಿದೆ. ಅಲ್ಲಿಗೆ ಮಾತು ಮುಗಿಯಿತು, ಮುಂದೆ ಕೇಳಬೇಡ ಎಂದು ಅದರ ಅರ್ಥ. ‘ಬಾಯಿ ಮಾತ್ರ ಹಾಗೆ, ಮನಸ್ಸು ಚಿನ್ನ’ ಎಂಬುದು ಎರಡನೆಯದು. ಮನಸ್ಸು ಚಿನ್ನವಾಗಿರಬಹುದು. ಆದರೆ ಮಗುವಿಗೆ ದಿನವೂ ಸಿಕ್ಕುವುದು ಬಾಯಿ; ಮನಸ್ಸನ್ನು ಕಾಣುವ ಭಾಗ್ಯ ಸಹೋದ್ಯೋಗಿಗಳಿಗೆ, ಅದೂ ಚಹದ ವೇಳೆಯಲ್ಲಿ. ‘ಆ ಹುಡುಗನೂ ಏನು ಕಡಿಮೆಯಲ್ಲ’ ಎಂಬ ಮೂರನೆಯ ವಾಕ್ಯವು ಚಂಡಾಮರ್ಕರ ಕಾಲದಿಂದ ಬಂದುದು.

ಎಲ್ಲಕ್ಕಿಂತ ಬಲವಾದುದು ನಾಲ್ಕನೆಯದು: ‘ಅವರ ಸಬ್ಜೆಕ್ಟಿನಲ್ಲಿ ನೂರಕ್ಕೆ ನೂರು ಬರುತ್ತದೆ.’ ಹಿಂದೆ ಎಸ್.ಎಸ್.ಎಲ್.ಸಿ.ಯಲ್ಲಿ ಅರ್ಧಕ್ಕರ್ಧ ಹುಡುಗರು ನಪಾಸಾಗುತ್ತಿದ್ದ ಕಾಲದಲ್ಲಿ ಈ ಮಾತಿಗೆ ಏನೋ ಒಂದು ತೂಕವಿದ್ದೀತು. ನಾವು ಕೆಲಸ ಮಾಡುವ ಕೇರಳದಲ್ಲಿ 2024ರ ಎಸ್.ಎಸ್.ಎಲ್.ಸಿ. ಫಲಿತಾಂಶವು ಇಡೀ ರಾಜ್ಯಕ್ಕೆ ನೂರಕ್ಕೆ 99.69. ಗದರುವವನ ಹುಡುಗರೂ ತೇರ್ಗಡೆ, ನಗುವವನ ಹುಡುಗರೂ ತೇರ್ಗಡೆ. ಹೀಗಿರಲು ಯಾರ ನಾಲಗೆಯ ಬಲದಿಂದ ಈ ಫಲವೆಂದು ಹೇಳುವುದು? ಆದರೂ ವಾಕ್ಯವು ಬಳಕೆಯಲ್ಲಿಯೇ ಇದೆ.

ಸಹಾಧ್ಯಾಪಕರು ಕೇಡಿಗರೆಂದು ನಾವು ಹೇಳುತ್ತಿಲ್ಲ. ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಗತ್ಯ. ಕೆಲವು ವರ್ಷಗಳ ಹಿಂದೆ ಬೇರೊಂದು ಶಾಲೆಯಿಂದ ಒಬ್ಬ ಹುಡುಗನು ಟಿ.ಸಿ. ತೆಗೆದುಕೊಂಡು ನಮ್ಮಲ್ಲಿ ಎಂಟನೆಯ ತರಗತಿಗೆ ಸೇರಿದನು. ಹಾಜರಿ ಕರೆಯುವಾಗ ತನ್ನ ಹೆಸರು ಬಂದರೆ ಅವನು ಕೂಡಲೆ ಉತ್ತರ ಕೊಡುತ್ತಿರಲಿಲ್ಲ. ಯಾರನ್ನೋ ಕರೆದರೆಂಬಂತೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ‘ಹಾಜರ್’ ಎನ್ನುತ್ತಿದ್ದನು. ಕಿವಿಯಲ್ಲಿ ಏನಾದರೂ ದೋಷವಿದೆಯೇ ನೋಡಿಸಬೇಕೆಂದು ತರಗತಿಯ ಅಧ್ಯಾಪಕಿ ನಮ್ಮೊಡನೆ ಹೇಳಿದರು. ಆ ವರ್ಷದ ತರಬೇತಿಯೊಂದರಲ್ಲಿ ಹುಡುಗನ ಹಿಂದಿನ ಶಾಲೆಯ ಅಧ್ಯಾಪಕರೊಬ್ಬರು ಸಿಕ್ಕಿದರು. ಅತ್ಯಂತ ಸಾಧು ಮನುಷ್ಯರು. ಊಟದ ಸಾಲಿನಲ್ಲಿ ನಿಂತು, ನಿಜವಾದ ಅಕ್ಕರೆಯಿಂದ, ‘ನಮ್ಮ ಒಣಮೀನು ನಿಮ್ಮಲ್ಲಿ ಹೇಗಿದ್ದಾನೆ ಮಾಷ್ಟ್ರೇ?’ ಎಂದು ಕೇಳಿದರು. ಹುಡುಗನ ತಾಯಿ ಸಂತೆಯಲ್ಲಿ ಒಣಮೀನು ಮಾರುವವರು. ಹೆಸರಿಟ್ಟವನು ಇವರಲ್ಲ, ಬೇರೊಬ್ಬನು. ಆದರೆ ಮೂರು ವರ್ಷಗಳಲ್ಲಿ ಅದು ಅಂಕಪಟ್ಟಿ ಬರೆಯುವಾಗಲೂ ಸ್ಟಾಫ್ ರೂಮಿನಲ್ಲಿ ಓಡಾಡುವ ಹೆಸರಾಗಿತ್ತು. ಇವರಿಗೆ ಅದರಲ್ಲಿ ಪೀಡನೆಯೇನೂ ಕಾಣಲಿಲ್ಲ, ಪ್ರೀತಿಯೇ ಕಂಡಿತು. ಹುಡುಗನ ಕಿವಿಗೆ ದೋಷವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನೇ ನಾವು ಮೂರನೆಯವನ ಹೆಸರಿಡುವಿಕೆಯೆಂದುದು. ಟ್ವೆಮ್ಲೋ ಅವರ ಪ್ರಶ್ನಾವಳಿಯಲ್ಲಿ ಅಧ್ಯಾಪಕರು ತಮ್ಮ ಸಹೋದ್ಯೋಗಿಗಳ ಪೀಡನೆಯನ್ನು ಗುರುತಿಸಿ ಹೇಳಬಲ್ಲವರಾದುದು ಹೆಸರು ಮರೆಯಾಗಿದ್ದುದರಿಂದ ಮತ್ತು ಪ್ರಶ್ನೆಯು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿದ್ದುದರಿಂದ. ಎದುರಾಎದುರು, ಚಹದ ಲೋಟ ಹಿಡಿದು, ಅದೇ ಪ್ರಶ್ನೆಯನ್ನು ಕೇಳಿದರೆ ಸಿಕ್ಕುವುದು ಮೇಲಿನ ನಾಲ್ಕು ವಾಕ್ಯಗಳಲ್ಲಿ ಒಂದು.

ಗಡಿನಾಡಿನ ನಮ್ಮ ಶಾಲೆಗಳಲ್ಲಿ ಐದನೆಯ ವಾಕ್ಯವೊಂದುಂಟು; ಒಳನಾಡಿನವರಿಗೆ ಅದು ತಿಳಿಯದು. ‘ಅವರಿಗೆ ಕನ್ನಡದ ಮೇಲೆ ಅಭಿಮಾನ ಹೆಚ್ಚು.’ ಕಾಸರಗೋಡಿನ ಕನ್ನಡ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಮನೆಯಲ್ಲಿ ಕನ್ನಡವಾಡುವವರು ಎಷ್ಟು ಮಂದಿ? ತುಳುವಿನವರು, ಮಲಯಾಳದವರು, ಕೊಂಕಣಿಯವರು, ಬ್ಯಾರಿಗಳು, ಮರಾಟಿ ಮಾತಿನವರು, ಕೊರಗರ ಮಕ್ಕಳು, ಎಲ್ಲರೂ ಸೇರಿಯೇ ನಮ್ಮ ಕನ್ನಡ ಮಾಧ್ಯಮ. ತಾಳವಾಡಿ ಹೊಸೂರುಗಳಲ್ಲಿ ತಮಿಳು ತೆಲುಗು, ಅಕ್ಕಲಕೋಟೆ ಜತ್ತಗಳಲ್ಲಿ ಮರಾಠಿ. ಮಹಾಪ್ರಾಣ ಹೊರಡದ ಮಗುವನ್ನು ನಿಲ್ಲಿಸಿ ಹತ್ತು ಸಲ ಅದೇ ಪದವನ್ನು ಹೇಳಿಸುವುದು, ಅದು ತಡವರಿಸಿದಾಗಲೆಲ್ಲ ತರಗತಿಯನ್ನು ನಗಿಸುವುದು, ಮನೆಯ ಮಾತನ್ನು ಅಣಕಿಸುವುದು, ಇವೆಲ್ಲ ಭಾಷಾಶುದ್ಧಿಯ ಹೆಸರಿನಲ್ಲಿ ನಡೆಯುತ್ತವೆ. ಉಚ್ಚಾರವನ್ನು ತಿದ್ದಬೇಕು, ಅದು ನಮ್ಮ ಕೆಲಸ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ತಿದ್ದುವವನು ಮಗುವಿನ ಬಾಯಿಯನ್ನು ನೋಡುತ್ತಾನೆ. ಪೀಡಿಸುವವನು ತರಗತಿಯ ಮುಖವನ್ನು ನೋಡುತ್ತಾನೆ, ನಕ್ಕರೋ ಇಲ್ಲವೋ ಎಂದು. ಈ ವ್ಯತ್ಯಾಸವನ್ನು ಕಿಟಕಿಯಾಚೆ ನಿಂತ ಸಹೋದ್ಯೋಗಿಯು ಅರೆ ನಿಮಿಷದಲ್ಲಿ ಕಂಡುಕೊಳ್ಳಬಲ್ಲನು, ಮನಸ್ಸು ಮಾಡಿದರೆ.

ಮನಸ್ಸು ಮಾಡದಿರುವುದಕ್ಕೂ ಕಾರಣಗಳಿವೆ. ಅವನ್ನು ತುಚ್ಛವೆನ್ನಲಾರೆವು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಲೆಕ್ಕದ ಮೇಲೆ ಡಿವಿಷನ್ನುಗಳು, ಡಿವಿಷನ್ನಿನ ಮೇಲೆ ಅಧ್ಯಾಪಕರ ಹುದ್ದೆಗಳು. ಕನ್ನಡ ವಿಭಾಗದಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೆ ಒಬ್ಬನ ಹುದ್ದೆಗೇ ಕುತ್ತು ಬರಬಹುದು. ಹೀಗಿರುವಾಗ, ನಮ್ಮವರೇ ನಮ್ಮವರ ಮೇಲೆ ಅರ್ಜಿ ಹಾಕಿದರೆ ಹೆತ್ತವರ ಕಿವಿಗೆ ಬೀಳುತ್ತದೆ, ಮಕ್ಕಳನ್ನು ಬಿಡಿಸುತ್ತಾರೆ, ಮಲಯಾಳದವರಿಗೂ ಇಂಗ್ಲಿಷಿನವರಿಗೂ ನಾವೇ ಬಾಗಿಲು ತೆರೆದಂತೆ ಆಗುತ್ತದೆ ಎಂಬ ಭಯ. 1956ರ ನವೆಂಬರ್ 1ರಿಂದ ಭಾಷೆಗಾಗಿ ಒಗ್ಗಟ್ಟಾಗಿರಬೇಕೆಂದು ಕಲಿತ ಸಮುದಾಯಕ್ಕೆ ಒಳಗಿನ ತಪ್ಪನ್ನು ಗಟ್ಟಿಯಾಗಿ ಹೇಳುವುದು ದ್ರೋಹವೆಂದು ತೋರುವುದು ಸಹಜ.

ಆದರೆ ಈ ಲೆಕ್ಕವು ತಲೆಕೆಳಗಾದುದು. ಒಣಮೀನೆಂದು ಕರೆಸಿಕೊಂಡ ಹುಡುಗನು ಟಿ.ಸಿ. ತೆಗೆದುದು ದೂರು ಕೇಳಿ ಅಲ್ಲ, ದೂರನ್ನು ಕೇಳುವವರಿಲ್ಲದೆ. ಅವನು ಕನ್ನಡ ಮಾಧ್ಯಮಕ್ಕೇ ಬಂದುದು ನಮ್ಮ ಪುಣ್ಯ. ಅವನ ತಂಗಿ ಬರಲಿಲ್ಲ. ಆ ಮಗುವನ್ನು ಮೊದಲನೆಯ ತರಗತಿಗೇ ಬೇರೆ ಮಾಧ್ಯಮಕ್ಕೆ ಸೇರಿಸಿದರು. ಕಾರಣ ಕೇಳಿದಾಗ ತಾಯಿಯು ಸರಕಾರದ ಆಜ್ಞೆಯನ್ನಾಗಲಿ ಭಾಷಾ ನೀತಿಯನ್ನಾಗಲಿ ಹೇಳಲಿಲ್ಲ. ‘ಅಲ್ಲಿ ಹೆಸರು ಹಿಡಿದು ಕರೀತಾರೆ’ ಎಂದರು.

ಕನ್ನಡದಲ್ಲಿ ಪೀಡಕ ಗುರುವಿನ ಚಿತ್ರಗಳು ಬೇಕಾದಷ್ಟಿವೆ. ಕೂಲಿಮಠದ ಕೋದಂಡದಿಂದ ಹಿಡಿದು ಹುಣಿಸೆಯ ಬರಲಿನವರೆಗೆ ನೆನಪಿನ ಬರಹಗಳು ಅವುಗಳಿಂದ ತುಂಬಿವೆ. ಪೀಡಿತ ಶಿಷ್ಯನ ಧ್ವನಿಯೂ ದಲಿತ ಸಾಹಿತ್ಯದ ಮೂಲಕ ಕೇಳಿಬಂದಿದೆ. ಮೆಲ್‌ನಂಥವನು ತನ್ನ ಬಾಯಿಂದಲೇ ಹೇಳಿದ ಕತೆ, ಗೋಡೆಯಾಚೆ ಭೂಗೋಳ ಕಲಿಸುತ್ತಿದ್ದವನ ಆತ್ಮಕಥನ, ನಮ್ಮ ಓದಿಗೆ ಇನ್ನೂ ಸಿಕ್ಕಿಲ್ಲ. ಅಧ್ಯಾಪಕರಲ್ಲಿ ಲೇಖಕರಿಗೆ ಕೊರತೆಯಿಲ್ಲ. ಈ ಸಂಚಿಕೆಯ ಪರಿವಿಡಿಯೇ ಸಾಕ್ಷಿ. ಮುಂದಿನ ಸಂಚಿಕೆಗೆ ಲೇಖನಗಳನ್ನು ಕೇಳುವಾಗ ಸಂಪಾದಕರು ಈ ವಿಷಯವನ್ನೂ ಪಟ್ಟಿಯಲ್ಲಿ ಸೇರಿಸಬಹುದೆಂದು ನಮ್ಮ ಸೂಚನೆ. ಹೆಸರು ಹಾಕದೆ ಬಂದ ಬರಹವನ್ನೂ ಸ್ವೀಕರಿಸುವುದಾಗಿ ಒಂದು ಸಾಲು ಬರೆದರೆ ಒಳ್ಳೆಯದು.